ತೋಟಗಾರ ಬೇಡಿಕೊಂಡ ವರ್ಷ

ಡಿಸೆಂಬರ್ 31ರ ಸಂಜೆ ಬಂತೆಂದರೆ ನಮ್ಮ ಅಜ್ಜಿಗೆ ಕೈಬಿಡುವಿಲ್ಲದ ಕೆಲಸ. ಕ್ರಿಸ್ಮಸ್ ಮುಗಿದು ವಾರವಾಗಿರುತ್ತಿತ್ತು, ಕರಿದ ತಿಂಡಿಯ ಡಬ್ಬಗಳು ತಳ ಕಂಡಿರುತ್ತಿದ್ದವು. ಅವಳ ಗಡಿಬಿಡಿ ಅಡುಗೆಯದಲ್ಲ, ಕೈಗಡದ್ದು. ದೀಪ ಹಚ್ಚುವುದರೊಳಗೆ ಕೈಗಡವೆಲ್ಲ ತೀರಬೇಕು. ಪಕ್ಕದ ಮನೆಯಿಂದ ತಂದ ಅರ್ಧ ಅಚ್ಚು ಬೆಲ್ಲ, ಎದುರು ಮನೆಯವರು ಕೊಟ್ಟ ಒಂದು ಪಾವು ಎಣ್ಣೆ, ಮೂಲೆ ಅಂಗಡಿಯಲ್ಲಿ ಬರೆಸಿದ್ದ ಒಂದೂಕಾಲು ರೂಪಾಯಿ. ಓದು ಬರಹ ಅಷ್ಟಕ್ಕಷ್ಟೆ, ಆದರೆ ಒಂದೂ ಮರೆಯುತ್ತಿರಲಿಲ್ಲ. ಬೆರಳು ಮಡಿಸುತ್ತಾ ಎಣಿಸಿ, ಹಿತ್ತಾಳೆ ಬಟ್ಟಲು ನನ್ನ ಕೈಗಿಟ್ಟು ಮನೆಮನೆಗೆ ಓಡಿಸುತ್ತಿದ್ದಳು. ಬಟ್ಟಲಿನ ಮಟ್ಟಕ್ಕೆ ತಂದಿದ್ದರೆ ಹಿಂತಿರುಗಿಸುವಾಗ ರಾಶಿ ಕಟ್ಟಿರಬೇಕು. ಅದು ಅವಳ ಕಟ್ಟುನಿಟ್ಟು.

ಪಕ್ಕದ ಮನೆಯ ಗೌರಮ್ಮಜ್ಜಿ ಬಾಗಿಲಲ್ಲೇ ಕೇಳುತ್ತಿದ್ದರು: "ಏನ್ ಮಗಾ, ಇವತ್ತು ನಿಮ್ಮಜ್ಜಿ ಲೆಕ್ಕ ಮುಗಿಸೋ ದಿನವಾ?" ಬೆಲ್ಲ ಸುರಿದುಕೊಂಡು ಬಟ್ಟಲನ್ನು ಬರಿದಾಗಿ ಕೊಡುತ್ತಿರಲಿಲ್ಲ. ನಾಲ್ಕು ಕರಿಬೇವಿನ ಎಸಳೋ, ಒಂದು ನಿಂಬೆಹಣ್ಣೋ ಅದರೊಳಗೆ ಬೀಳುತ್ತಿತ್ತು.

ಎಲ್ಲ ಮುಗಿದ ಮೇಲೆ ಒಂದು ಬಾಕಿ ಉಳಿಯುತ್ತಿತ್ತು. ಆ ವರ್ಷ ನಲ್ಲಿಯ ಹತ್ತಿರ ಯಾರ ಜೊತೆ ಮಾತಿಗೆ ಮಾತು ಬೆಳೆದಿತ್ತೋ, ಯಾರ ಮನೆಯ ಮುಂದೆ ಹಾದುಹೋಗುವಾಗ ಮುಖ ತಿರುಗಿಸಿದ್ದಳೋ, ಆ ಮನೆ. ಅಲ್ಲಿಗೆ ನನ್ನನ್ನು ಕಳಿಸುತ್ತಿರಲಿಲ್ಲ. ಸೆರಗು ಸರಿಮಾಡಿಕೊಂಡು ತಾನೇ ಹೋಗುತ್ತಿದ್ದಳು. ಏನು ಹೇಳುತ್ತಿದ್ದಳೋ ನನಗೆ ಗೊತ್ತಿಲ್ಲ. ಹಿಂತಿರುಗಿ ಬಂದಾಗ ಕಣ್ಣು ಕೆಂಪಾಗಿರುತ್ತಿತ್ತು, ಹೆಜ್ಜೆ ಮಾತ್ರ ಹಗುರ. ಆಮೇಲೆ ಮುಖ ತೊಳೆದು, ಬಿಳಿ ಸೀರೆ ಉಟ್ಟು, ಸತ್ಯವೇದ ಕಂಕುಳಲ್ಲಿಟ್ಟುಕೊಂಡು ದೇವಾಲಯಕ್ಕೆ ಹೊರಡುತ್ತಿದ್ದಳು.

ತುಮಕೂರು ಕಡೆಯ ನಮ್ಮ ಸಣ್ಣ ಸಭೆಯಲ್ಲಿ ಆ ರಾತ್ರಿಯ ಆರಾಧನೆಗೆ ಎಲ್ಲರೂ ಹೇಳುತ್ತಿದ್ದದ್ದು 'ವಾಚ್‌ನೈಟ್' ಎಂದೇ. ಹತ್ತೂವರೆಗೆ ಶುರು. ಗೀತೆಗಳು, ತೊಂಬತ್ತನೆಯ ಕೀರ್ತನೆಯ ಪಾಠ, ಸಾಕ್ಷಿ, ಅಯ್ಯನವರ ಪ್ರಸಂಗ. ಮಕ್ಕಳಾದ ನಾವು ಜಮಖಾನದ ಮೇಲೆ ಒಬ್ಬರ ತೊಡೆಯ ಮೇಲೊಬ್ಬರು ತಲೆಯಿಟ್ಟು ನಿದ್ದೆ ಹೋಗಿರುತ್ತಿದ್ದೆವು. ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಅಜ್ಜಿ ಭುಜ ಅಲುಗಿಸಿ ಎಬ್ಬಿಸುತ್ತಿದ್ದಳು. ದೀಪಗಳನ್ನು ಆರಿಸಿ ಬಲಿಪೀಠದ ಮೇಲಿನ ಎರಡು ಮೇಣದಬತ್ತಿ ಮಾತ್ರ ಉಳಿಸುತ್ತಿದ್ದರು. ಎಲ್ಲರೂ ಮೊಣಕಾಲೂರಿ ಮೌನ. ಯಾರದೋ ಕೆಮ್ಮು, ಯಾರದೋ ಬಿಕ್ಕು, ಬಳೆಯ ಸದ್ದು. ಆ ಹತ್ತು ನಿಮಿಷದಷ್ಟು ಉದ್ದದ ಹೊತ್ತನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಆಮೇಲೆ ಹೊರಗೆ ಗಂಟೆಯ ಹಗ್ಗ ಜಗ್ಗುವ ಸದ್ದು, ಮೊದಲ ಬಡಿತ.

ಈಚೆಗೆ ಎಳೆಯರು ನನ್ನನ್ನು ಒಂದು ಪ್ರಶ್ನೆ ಕೇಳುತ್ತಾರೆ. ಜನವರಿ 1 ಕ್ರೈಸ್ತರ ಹಬ್ಬವೇ? ಸತ್ಯವೇದದಲ್ಲಿ ಎಲ್ಲಿದೆ?

ಎಲ್ಲೂ ಇಲ್ಲ. ಜನವರಿ 1 ರೋಮನರದು. ಕ್ರಿಸ್ತಪೂರ್ವ 153ರಿಂದ ರೋಮಿನ ಕಾನ್ಸಲ್‌ಗಳು ಅಧಿಕಾರ ವಹಿಸಿಕೊಳ್ಳುತ್ತಿದ್ದ ದಿನ ಅದು. ಜೂಲಿಯಸ್ ಸೀಸರ್ ತಿದ್ದಿದ ಪಂಚಾಂಗ ಕ್ರಿಸ್ತಪೂರ್ವ 45ರಲ್ಲಿ ಜಾರಿಗೆ ಬಂದಾಗಲೂ ವರ್ಷದ ಬಾಗಿಲು ಅದೇ ಆಯಿತು. ಕುಡಿತ, ಕುಣಿತ, ಜೂಜು, ಒಬ್ಬರಿಗೊಬ್ಬರು ಉಡುಗೊರೆ ಕೊಡುವುದು ಆ ದಿನದ ರೂಢಿಗಳು. ಆದಿ ಸಭೆಯ ಹಿರಿಯರಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಉತ್ತರ ಆಫ್ರಿಕದ ಹಿಪ್ಪೋ ಪಟ್ಟಣದ ಬಿಷಪ್ ಅಗಸ್ಟೀನ್ ಜನವರಿ ಮೊದಲ ದಿನ ಮಾಡಿದ ಪ್ರಸಂಗಗಳು ಇಂದಿಗೂ ಓದಲು ಸಿಗುತ್ತವೆ. ಊರಿನವರು ಉಡುಗೊರೆ ಹಂಚುವ ದಿನ ನೀವು ಬಡವರಿಗೆ ದಾನ ಕೊಡಿ, ಅವರು ಉಣ್ಣುವಾಗ ನೀವು ಉಪವಾಸವಿರಿ ಎಂಬುದು ಅವನ ಬುದ್ಧಿಮಾತಿನ ಸಾರ. ಹೊಸ ವರ್ಷದ ದಿನ ಉಪವಾಸ! ಇಂದಿನ ಯಾವ ಸಭೆಯಲ್ಲಿ ಈ ಮಾತು ಹೇಳಿದರೂ ಜನ ಬೆರಗಾದಾರು.

ಸಭೆಗೆ ತನ್ನದೇ ವರ್ಷವೂ ಇದೆ. ಅದು ಕ್ರಿಸ್ಮಸ್ಸಿಗೆ ನಾಲ್ಕು ಭಾನುವಾರ ಮುಂಚೆ, ಆಗಮನ ಕಾಲದಿಂದ ಶುರುವಾಗುತ್ತದೆ. ಇಂಗ್ಲೆಂಡಿನಲ್ಲಿ 1751ರವರೆಗೂ ಕಾನೂನಿನ ಲೆಕ್ಕದಲ್ಲಿ ಹೊಸ ವರ್ಷ ಹುಟ್ಟುತ್ತಿದ್ದದ್ದು ಮಾರ್ಚ್ 25ರಂದು, ದೇವದೂತ ಮರಿಯಳಿಗೆ ಶುಭವಾರ್ತೆ ತಂದ ಹಬ್ಬದ ದಿನ. 1752ರಿಂದ ಅದು ಜನವರಿಗೆ ಬಂತು. ನಮ್ಮ ಮನೆಗಳಲ್ಲೇ ನೋಡಿ. ಮಕ್ಕಳ ವರ್ಷ ಶಾಲೆ ತೆರೆಯುವ ಬೇಸಿಗೆಯ ಕೊನೆಯಲ್ಲಿ, ಸಂಬಳ ಮತ್ತು ತೆರಿಗೆಯ ವರ್ಷ ಏಪ್ರಿಲ್‌ನಲ್ಲಿ, ಗೌರಮ್ಮಜ್ಜಿಯ ವರ್ಷ ಯುಗಾದಿಗೆ. ಯುಗಾದಿಯ ಬೆಳಗ್ಗೆ ಅವರು ಕಳಿಸುತ್ತಿದ್ದ ಬೇವುಬೆಲ್ಲವನ್ನು ಅಜ್ಜಿ ಕಣ್ಣಿಗೊತ್ತಿಕೊಂಡೇ ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ಹಾಗಾಗಿ ದಿನಾಂಕದಲ್ಲಿ ಪವಿತ್ರತೆ ಇಲ್ಲ. ಆದರೂ ಸಭೆ ಆ ದಿನವನ್ನು ಬಿಟ್ಟುಕೊಡಲಿಲ್ಲ. ಕ್ರಿಸ್ಮಸ್ಸಿನಿಂದ ಎಣಿಸಿದರೆ ಜನವರಿ 1 ಎಂಟನೆಯ ದಿನ. ಮಗುವಿಗೆ ಸುನ್ನತಿಯಾಗಿ ಯೇಸು ಎಂದು ಹೆಸರಿಟ್ಟ ದಿನವೆಂದು ಲೂಕನು ಬರೆದ ಸುವಾರ್ತೆ ಹೇಳುತ್ತದೆ. ಕಥೋಲಿಕರು ಆ ದಿನವನ್ನು ಈಗ ದೇವಮಾತೆ ಮರಿಯಮ್ಮನ ಮಹೋತ್ಸವವಾಗಿ ಆಚರಿಸುತ್ತಾರೆ. 1968ರಿಂದ, ಪೋಪ್ ಆರನೆಯ ಪೌಲರು ಆರಂಭಿಸಿದಂತೆ, ಅದು ವಿಶ್ವಶಾಂತಿ ದಿನವೂ ಹೌದು. ಲೋಕ ತನ್ನ ಲೆಕ್ಕ ತಿರುವಿಹಾಕುವ ದಿನ ಸಭೆ ಒಂದು ಮಗುವಿನ ನಾಮಕರಣಕ್ಕೆ ಕೂಡುತ್ತದೆ.

ಇಷ್ಟು ಚರಿತ್ರೆಯ ಮಾತು. ಆದರೆ ನನ್ನನ್ನು ಆ ರಾತ್ರಿ ಮೊಣಕಾಲೂರಿಸುವುದು ಲೂಕನ ಹದಿಮೂರನೆಯ ಅಧ್ಯಾಯ. ಚಿಕ್ಕ ಕಥೆ. ಒಬ್ಬನ ತೋಟದಲ್ಲಿ ಒಂದು ಅಂಜೂರದ ಮರ. ಮೂರು ವರ್ಷದಿಂದ ಹಣ್ಣು ಹುಡುಕಿ ಬಂದ ಯಜಮಾನನಿಗೆ ಒಂದೂ ಸಿಕ್ಕಿಲ್ಲ. ನೆಲ ದಂಡವಾಗುತ್ತಿದೆ, ಕಡಿದುಹಾಕು ಎನ್ನುತ್ತಾನೆ. ತೋಟಗಾರ ಅಡ್ಡ ಬರುತ್ತಾನೆ. ಇದೊಂದು ವರ್ಷ ಇರಲಿ, ಬುಡದ ಸುತ್ತ ಅಗೆದು ಗೊಬ್ಬರ ಹಾಕಿ ನೋಡುತ್ತೇನೆ, ಆಗಲೂ ಬಿಡದಿದ್ದರೆ ಕಡಿಸಿಬಿಡಿ ಎಂದು ಬೇಡಿಕೊಳ್ಳುತ್ತಾನೆ. ಕಥೆ ಅಲ್ಲಿಗೆ ನಿಲ್ಲುತ್ತದೆ. ಯಜಮಾನ ಒಪ್ಪಿದನೇ, ಮುಂದಿನ ವರ್ಷ ಮರ ಹಣ್ಣು ಬಿಟ್ಟಿತೇ, ಯೇಸು ಹೇಳುವುದಿಲ್ಲ.

ನನ್ನ ವಯಸ್ಸಿಗೆ ಈ ಕಥೆಯಲ್ಲಿ ಎದೆಗೆ ತಾಗುವುದು ಮರ ಏನೂ ಮಾತಾಡುವುದಿಲ್ಲ ಎಂಬುದು. ಅದು ಆಣೆ ಇಡುವುದಿಲ್ಲ, ಬರುವ ವರ್ಷ ಹೀಗೆ ಮಾಡುತ್ತೇನೆ ಹಾಗೆ ಮಾಡುತ್ತೇನೆ ಎಂದು ಪಟ್ಟಿ ಬರೆಯುವುದಿಲ್ಲ. ತನ್ನ ಪರವಾಗಿ ಯಾರೋ ಬೇಡಿಕೊಂಡದ್ದೂ ಅದಕ್ಕೆ ತಿಳಿಯದು. ಬೆಳಗಾದರೆ ಬುಡದಲ್ಲಿ ಗುದ್ದಲಿ ಸದ್ದು, ಅಷ್ಟೆ. ನಾನು ದಾಟಿ ಬಂದ ಪ್ರತಿ ಡಿಸೆಂಬರ್ 31ರ ಆಚೆಗೂ ಹಾಗೆ ಯಾರೋ ನನಗಾಗಿ ಬೇಡಿಕೊಂಡ ವರ್ಷ ಒಂದಿತ್ತು ಎಂದು ನಾನು ನಂಬುತ್ತೇನೆ. ಬೇಡಿಕೊಂಡವನು ಯಾರೆಂದೂ ನಂಬುತ್ತೇನೆ.

ಆ ಕಥೆಗೆ ಮುಂಚಿನ ನಾಲ್ಕೈದು ವಾಕ್ಯಗಳನ್ನು ಬಿಟ್ಟು ಓದುವುದು ಸರಿಯಲ್ಲ. ಪಿಲಾತನು ಗಲಿಲಾಯದ ಕೆಲವರನ್ನು ಅವರು ಬಲಿ ಅರ್ಪಿಸುವಾಗಲೇ ಕೊಲ್ಲಿಸಿದ್ದ. ಆ ಸುದ್ದಿ ಹೊತ್ತು ತಂದವರನ್ನು ಯೇಸು ಕೇಳುತ್ತಾನೆ, ಸತ್ತವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳೆಂದುಕೊಂಡಿರಾ? ತಾನೇ ಇನ್ನೊಂದು ದುರಂತವನ್ನೂ ನೆನಪಿಸುತ್ತಾನೆ. ಸಿಲೋವದಲ್ಲಿ ಗೋಪುರ ಬಿದ್ದು ಹದಿನೆಂಟು ಮಂದಿ ಸತ್ತಿದ್ದರು. ಅವರೇನು ಯೆರೂಸಲೇಮಿನಲ್ಲಿ ಎಲ್ಲರಿಗಿಂತ ಕೆಟ್ಟವರೇ? ಅಲ್ಲ ಎಂಬುದು ಅವನ ಉತ್ತರ. ಅಲ್ಲ ಎಂದ ಬಾಯಿಂದಲೇ ಮುಂದೆ ಅಂಜೂರದ ಕಥೆ ಬರುತ್ತದೆ. ಅಂದರೆ ಬದುಕಿ ಉಳಿದವರು ಒಳ್ಳೆಯವರಾದ್ದರಿಂದ ಉಳಿದದ್ದಲ್ಲ. ಉಳಿದವರಿಗೆ ಸಿಕ್ಕಿರುವುದು ಬಹುಮಾನವಲ್ಲ, ಅವಕಾಶ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. 2021ರ ಡಿಸೆಂಬರ್ ಕೊನೆಯಲ್ಲಿ ಕೋವಿಡ್‌ನಿಂದಾಗಿ ರಾಜ್ಯದಲ್ಲಿ ರಾತ್ರಿ ಹತ್ತರಿಂದ ಕರ್ಫ್ಯೂ ಇತ್ತು. ನಮ್ಮ ಸಭೆಯಲ್ಲಿ ವಾಚ್‌ನೈಟ್ ಅನ್ನು ಸಂಜೆ ಏಳಕ್ಕೇ ಇಟ್ಟರು. ವರ್ಷದಲ್ಲಿ ಕರ್ತನಲ್ಲಿ ನಿದ್ರೆಹೋದವರ ಹೆಸರು ಓದುವ ಪದ್ಧತಿ ನಮ್ಮಲ್ಲಿದೆ. ಹಿಂದೆಲ್ಲ ನಾಲ್ಕೈದು ಹೆಸರು ಇರುತ್ತಿದ್ದವು, ಒಂದು ಉಸಿರಿಗೆ ಮುಗಿಯುತ್ತಿತ್ತು. ಆ ಸಂಜೆ ಸಭಾಪಾಲಕರು ಹಾಳೆ ಮಗುಚಬೇಕಾಯಿತು. ಮಗುಚುವಾಗ ಅವರ ಕೈ ನಿಂತಿತು. ಒಂದೇ ಮನೆಯ ಎರಡು ಹೆಸರು ಒಂದರ ಕೆಳಗೊಂದಿದ್ದವು. ಅದಾದ ಮೇಲೆ ಸಾಕ್ಷಿಯ ಸಮಯ. ಒಬ್ಬರು ಎದ್ದು, ನಮ್ಮ ಮನೆಯವರು ಪ್ರಾರ್ಥನೆ ಬಿಡಲಿಲ್ಲ, ಅದಕ್ಕೇ ದೇವರು ನಮ್ಮಲ್ಲಿ ಒಬ್ಬರನ್ನೂ ಕಳೆದುಕೊಳ್ಳಗೊಡಲಿಲ್ಲ ಎಂದರು. ಅವರ ಕೃತಜ್ಞತೆ ನಿಜವಾದದ್ದೇ. ಆದರೆ ನನ್ನ ಮುಂದಿನ ಬೆಂಚಿನಲ್ಲಿ ಆ ಎರಡು ಹೆಸರಿನ ಮನೆಯ ಹೆಣ್ಣುಮಗಳು ಕೂತಿದ್ದಳು. ಅವಳೂ ಪ್ರಾರ್ಥನೆ ಬಿಟ್ಟಿರಲಿಲ್ಲ, ಆಸ್ಪತ್ರೆಯ ಹೊರಗೆ ರಸ್ತೆಬದಿಯಲ್ಲಿ ಕೂತು ರಾತ್ರಿಯಿಡೀ ಪ್ರಾರ್ಥಿಸಿದ್ದಳು. ಆ ಮಾತು ಕಿವಿಗೆ ಬಿದ್ದಾಗ ಅವಳ ಬೆನ್ನು ಬಿಗಿಯಾದದ್ದನ್ನು ನಾನು ನೋಡಿದೆ.

ವರ್ಷದ ಕೊನೆಯಲ್ಲಿ ಸಾಕ್ಷಿ ಹೇಳುವವರಲ್ಲಿ ನನ್ನದೊಂದು ವಿನಂತಿ ಅಂದಿನಿಂದ ಇದೆ. ದೇವರಿಗೆ ಸ್ತೋತ್ರ ಹೇಳಿ, ಮನಸ್ಸು ಬಿಚ್ಚಿ ಹೇಳಿ. ಕಾರಣ ಮಾತ್ರ ಹೇಳಬೇಡಿ. ನಿಮ್ಮನ್ನು ಯಾಕೆ ಉಳಿಸಿದ ಎಂಬುದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಈ ರಾತ್ರಿ ಜಾಗರಣೆ ನಮ್ಮ ಕಡೆಗೆ ಬಂದ ದಾರಿಯನ್ನೂ ಹೇಳಬೇಕು. ಜರ್ಮನಿಯ ಪೂರ್ವದಂಚಿನ ಹೆರ್ನ್‌ಹುಟ್ ಎಂಬ ಹಳ್ಳಿಯಲ್ಲಿ ಮೊರಾವಿಯದಿಂದ ನಂಬಿಕೆಗಾಗಿ ಊರು ಬಿಟ್ಟು ಬಂದವರು ನೆಲೆ ನಿಂತಿದ್ದರು. ನೆಲ ಕೊಟ್ಟವನು ಕೌಂಟ್ ಜಿನ್‌ಜೆಂಡಾರ್ಫ್. 1733ರ ವರ್ಷಾಂತ್ಯದ ರಾತ್ರಿ ಅವರು ಕೂಡಿ ಎಚ್ಚರವಿದ್ದು ಪ್ರಾರ್ಥಿಸಿದ್ದನ್ನೇ ಇಂದಿನ ವಾಚ್‌ನೈಟಿನ ಮೊದಲೆಂದು ಹೇಳುವುದು ವಾಡಿಕೆ. ಅಲ್ಲಿಂದ ಎಳೆ ಇಂಗ್ಲೆಂಡಿಗೆ ಹೋಯಿತು. ಬ್ರಿಸ್ಟಲ್ ಪಟ್ಟಣದ ಹೊರಗಿನ ಕಿಂಗ್ಸ್‌ವುಡ್ ಆಗ ಕಲ್ಲಿದ್ದಲು ಗಣಿಗಳ ಊರು. ವಾರದ ಕೂಲಿ ಕೈಗೆ ಬಂದ ರಾತ್ರಿಯನ್ನು ಹೆಂಡದಂಗಡಿಯಲ್ಲಿ ಕಳೆಯುತ್ತಿದ್ದ ಗಣಿಯಾಳುಗಳು ಮೆಥಡಿಸ್ಟ್ ಚಳವಳಿ ಹುಟ್ಟುಹಾಕಿದ ಜಾನ್ ವೆಸ್ಲಿಯ ಪ್ರಸಂಗ ಕೇಳಿ ಬದಲಾದ ಮೇಲೆ ಅದೇ ರಾತ್ರಿಗಳನ್ನು ಪ್ರಾರ್ಥನೆಯಲ್ಲಿ, ಹಾಡಿನಲ್ಲಿ ಕಳೆಯತೊಡಗಿದರು. ಇದು ಅತಿಯಾಯಿತು, ನಿಲ್ಲಿಸಿ ಎಂದು ಕೆಲವರು ವೆಸ್ಲಿಗೆ ಹೇಳಿದರು. ಅವನು ಯೋಚಿಸಿದ, ಆದಿ ಕ್ರೈಸ್ತರೂ ರಾತ್ರಿ ಜಾಗರಣೆ ಮಾಡುತ್ತಿದ್ದರಲ್ಲ ಎಂದುಕೊಂಡ. ನಿಲ್ಲಿಸುವ ಬದಲು ತಾನೂ ಸೇರಿಕೊಂಡ. 1742ರ ಏಪ್ರಿಲ್ 9ರಂದು ಲಂಡನ್ನಿನಲ್ಲೂ ಆರಂಭವಾಯಿತು.

ಒಂದು ವಿವರ ನನಗೆ ಬಹಳ ಇಷ್ಟ. ಈ ಜಾಗರಣೆಗೆ ವೆಸ್ಲಿ ಆರಿಸಿದ್ದು ತಿಂಗಳಿಗೊಂದು ಶುಕ್ರವಾರ, ಹುಣ್ಣಿಮೆಗೆ ಹತ್ತಿರವಾದ ಶುಕ್ರವಾರ. ದೂರದ ಊರುಗಳಿಂದ ನಡೆದು ಬರುವವರಿಗೆ ದಾರಿ ಕಾಣಬೇಕು ಎಂಬುದು ಕಾರಣ. ಬೀದಿದೀಪವಿಲ್ಲದ ಕಾಲ. ನಡುರಾತ್ರಿ ದಾಟಿದ ಮೇಲೆ ತಿಂಗಳ ಬೆಳಕಿನಲ್ಲಿ ಗಣಿಯಾಳುಗಳು ಹೆಂಡಿರು ಮಕ್ಕಳೊಡನೆ ಹಾಡುತ್ತಾ ಮನೆಗೆ ಹೋಗುತ್ತಿದ್ದ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಹುಣ್ಣಿಮೆಯ ರಾತ್ರಿ ಹರಿಕಥೆಗೋ ಬಯಲಾಟಕ್ಕೋ ಹೋಗಿ ಬಂದ ನಮ್ಮ ಹಳ್ಳಿಗರಿಗೆ ಈ ಲೆಕ್ಕಾಚಾರ ಬಿಡಿಸಿ ಹೇಳಬೇಕಿಲ್ಲ. ತಿಂಗಳ ಜಾಗರಣೆ ಬರಬರುತ್ತಾ ವರ್ಷದ ಕೊನೆಯ ರಾತ್ರಿಗೆ ನಿಂತಿತು.

ವೆಸ್ಲಿ ಇನ್ನೊಂದನ್ನೂ ಕೊಟ್ಟ. 1755ರ ಆಗಸ್ಟ್ 11ರಂದು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನ ಒಂದು ಫ್ರೆಂಚ್ ದೇವಾಲಯದಲ್ಲಿ ಸುಮಾರು 1,800 ಮಂದಿ ಎದ್ದುನಿಂತು ದೇವರೊಡನೆ ತಮ್ಮ ಒಡಂಬಡಿಕೆಯನ್ನು ಹೊಸದು ಮಾಡಿಕೊಂಡರು. ಮೆಥಡಿಸ್ಟರಲ್ಲಿ ಒಡಂಬಡಿಕೆಯ ಆರಾಧನೆ ವರ್ಷದ ಆರಂಭಕ್ಕೆ ಸೇರಿಕೊಂಡಿತು. 19ನೇ ಶತಮಾನದಲ್ಲಿ ವೆಸ್ಲಿಯನ್ ಮಿಷನ್ನಿನವರು ಬೆಂಗಳೂರು, ಮೈಸೂರು, ತುಮಕೂರು ಸೀಮೆಗೆ ಬಂದಾಗ ಇವೆಲ್ಲ ಅವರ ಪೆಟ್ಟಿಗೆಯಲ್ಲೇ ಬಂದವು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಒಂದಾದಾಗ ಆ ಸಭೆಗಳೂ ಅದರೊಳಗೆ ಸೇರಿದವು. ಒಡಂಬಡಿಕೆಯ ಆರಾಧನೆಗೆ ಸಿ.ಎಸ್.ಐ.ಯ ಆರಾಧನಾ ಪುಸ್ತಕದಲ್ಲೂ ಜಾಗ ಸಿಕ್ಕಿತು. ಅದರ ಪ್ರಾರ್ಥನೆಯ ತಿರುಳು ಇಂದಿನ ಹೊಸ ವರ್ಷದ ಸಂಕಲ್ಪಗಳಿಗೆ ಪೂರಾ ತಿರುಗಾಮುರುಗಾ. ಇಲ್ಲಿ ನಾನು ಏನನ್ನು ಸಾಧಿಸುತ್ತೇನೆ ಎಂದು ಹೇಳುವುದಿಲ್ಲ. ನಾನು ನನ್ನವನಲ್ಲ, ನಿನ್ನವನು, ಕೆಲಸಕ್ಕೆ ಹಚ್ಚುವುದೋ ಮೂಲೆಗಿಡುವುದೋ ನಿನ್ನ ಚಿತ್ತ ಎಂಬ ಅರ್ಥದಲ್ಲಿ ತನ್ನನ್ನು ಒಪ್ಪಿಸಿಕೊಡುವುದು. ನಿವೃತ್ತಿಯಾದ ವರ್ಷ ನಾನು ಈ ಪ್ರಾರ್ಥನೆ ಹೇಳುವಾಗ, 'ಮೂಲೆ' ಎಂಬ ಆ ಅರ್ಥ ಬರುವಲ್ಲಿ ಗಂಟಲು ಕಟ್ಟಿತು. ಅಲ್ಲಿಯವರೆಗೂ ಆ ಪ್ರಾರ್ಥನೆಯ ಅರ್ಧ ಮಾತ್ರ ನಾನು ಹೇಳುತ್ತಿದ್ದೆ ಎಂದು ತಿಳಿಯಿತು.

ವರ್ಷದ ಕೊನೆಯ ರಾತ್ರಿ ಎಚ್ಚರವಿದ್ದವರಲ್ಲಿ ನಾನು ಮತ್ತೆ ಮತ್ತೆ ನೆನೆಯುವುದು ಅಮೆರಿಕದ ಕಪ್ಪು ಜನರನ್ನು. ಅಲ್ಲಿನ ಗುಲಾಮರಿಗೆ ಜನವರಿ 1 ಎಂದರೆ ಎದೆ ಒಡೆಯುವ ದಿನ. ಧಣಿಗಳು ಸಾಲ ತೀರಿಸುವ, ಆಳುಗಳನ್ನು ಹೊಸ ವರ್ಷಕ್ಕೆ ಬಾಡಿಗೆಗೆ ಕೊಡುವ, ಮಾರುವ ದಿನ ಅದು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಹ್ಯಾರಿಯೆಟ್ ಜೇಕಬ್ಸ್ 1861ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಅಂಥ ಒಂದು ದಿನವನ್ನು ಬರೆದಿದ್ದಾಳೆ. ಒಬ್ಬ ತಾಯಿ ತನ್ನ ಏಳು ಮಕ್ಕಳನ್ನು ಹರಾಜಿನ ಕಟ್ಟೆಗೆ ಕರೆತಂದಳು. ಕೆಲವರನ್ನು ಕಳೆದುಕೊಳ್ಳುತ್ತೇನೆಂದು ಅವಳಿಗೆ ಗೊತ್ತಿತ್ತು. ಏಳೂ ಮಕ್ಕಳು ಹೋದರು. ಅಲ್ಲಿನ ಗುಡಿಸಲುಗಳಲ್ಲಿ ಡಿಸೆಂಬರ್ 31ರ ರಾತ್ರಿ ತಾಯಂದಿರು ಎಚ್ಚರವಿರುತ್ತಿದ್ದದ್ದು ಬೆಳಕು ಹರಿಯದಿರಲಿ ಎಂದು.

ಆ ಪುಸ್ತಕ ಬಂದ ಮರುವರ್ಷ, 1862ರ ಡಿಸೆಂಬರ್ 31ರ ರಾತ್ರಿ, ಅದೇ ಜನ ಬೆಳಕಿಗಾಗಿ ಎಚ್ಚರವಿದ್ದರು. ದಂಗೆಯೆದ್ದ ರಾಜ್ಯಗಳ ಗುಲಾಮರೆಲ್ಲ ಬಿಡುಗಡೆಯಾದರು ಎಂಬ ಅಧ್ಯಕ್ಷ ಲಿಂಕನ್ನರ ಘೋಷಣೆ 1863ರ ಜನವರಿ 1ರಂದು ಜಾರಿಗೆ ಬರಬೇಕಿತ್ತು. ದೇವಾಲಯಗಳಲ್ಲಿ ಜನ ಕಾದರು. ಮರುದಿನ ಬಾಸ್ಟನ್ನಿನಲ್ಲಿ ತಾನೂ ಗುಲಾಮನಾಗಿದ್ದ ಫ್ರೆಡರಿಕ್ ಡಗ್ಲಸ್ ಜೊತೆ ದೊಡ್ಡ ಜನಸ್ತೋಮ ತಂತಿ ಸುದ್ದಿಗಾಗಿ ಕಾದಿತ್ತು. ಗಂಟೆ ಎಂಟಾಯಿತು, ಒಂಬತ್ತಾಯಿತು, ಹತ್ತು ಕಳೆದ ಮೇಲೆ ಸುದ್ದಿ ಬಂತು. ಅಮೆರಿಕದ ಕಪ್ಪು ಸಭೆಗಳಲ್ಲಿ ಇಂದಿಗೂ ವಾಚ್‌ನೈಟ್ ಎಂದರೆ ಆ ರಾತ್ರಿಯ ನೆನಪು. ಗಡಿಯಾರದ ಮುಳ್ಳು ಹನ್ನೆರಡಕ್ಕೆ ಬರುವುದನ್ನು ನಾವು ಕಾಯುತ್ತೇವೆ. ಅವರು ಕಾದದ್ದು ಮಗು ತಮ್ಮದಾಗುವ ಗಳಿಗೆಯನ್ನು.

ಇನ್ನು ವಾಗ್ದಾನದ ಕಾರ್ಡು. ನಮ್ಮ ಅನೇಕ ಸಭೆಗಳಲ್ಲಿ ಹೊಸ ವರ್ಷದ ಆರಾಧನೆ ಮುಗಿದ ಕೂಡಲೇ ಒಂದು ತಟ್ಟೆ ಬರುತ್ತದೆ, ಅದರ ತುಂಬ ಸತ್ಯವೇದದ ಒಂದೊಂದು ವಚನ ಅಚ್ಚಾದ ಕಾರ್ಡುಗಳು. ಕಣ್ಣುಮುಚ್ಚಿ ಒಂದು ಎತ್ತಿಕೊಳ್ಳಬೇಕು. ಅದು ಆ ಮನೆಗೆ ಆ ವರ್ಷದ ವಾಗ್ದಾನ. ಇದೂ ಹೆರ್ನ್‌ಹುಟ್‌ನ ನೆನಪು ತರುತ್ತದೆ. 1728ರ ಮೇ 3ರ ಸಂಜೆ ಜಿನ್‌ಜೆಂಡಾರ್ಫ್ ಮರುದಿನಕ್ಕೆಂದು ಸಭೆಗೆ ಒಂದು ವಾಕ್ಯ ಕೊಟ್ಟ. ಅದನ್ನು ಮನೆಮನೆಗೆ ಒಯ್ದು ಮುಟ್ಟಿಸುವ ರೂಢಿ ಬೆಳೆಯಿತು. 1731ರಿಂದ ಇಡೀ ವರ್ಷದ ವಚನಗಳು ಪುಸ್ತಕವಾಗಿ ಬರುತ್ತಿವೆ, ಒಂದು ವರ್ಷವೂ ತಪ್ಪಿಲ್ಲ. ಹಳೆಯ ಒಡಂಬಡಿಕೆಯ ವಚನವನ್ನು ಇಂದಿಗೂ ಹೆರ್ನ್‌ಹುಟ್‌ನಲ್ಲಿ ಚೀಟಿ ಎತ್ತಿಯೇ ಆರಿಸುತ್ತಾರೆ. ಐವತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಅದನ್ನು ಓದುತ್ತಾರೆ. ಆದರೆ ಅಲ್ಲಿ ಚೀಟಿ ಬರುವುದು ಇಡೀ ಸಭೆಗೆ, ದಿನಕ್ಕೊಂದು. ಇಂದಿನ ವಚನ ಸಮಾಧಾನ ತಂದರೆ ನಾಳಿನದು ಗದರಿಸಬಹುದು. ನಮ್ಮ ತಟ್ಟೆಯಲ್ಲಿ ಗದರಿಸುವ ವಚನ ನಾನು ಒಂದೂ ಕಂಡಿಲ್ಲ.

ಆ ತಟ್ಟೆಯಲ್ಲಿ ಬಹುಪಾಲು ಸಿಗುವುದು ಯೆರೆಮೀಯನ 29ನೇ ಅಧ್ಯಾಯದ 11ನೇ ವಚನ. ದೇವರು ನಮಗಾಗಿ ಇಟ್ಟಿರುವ ಯೋಚನೆಗಳು ಕೇಡಿನವಲ್ಲ, ಹಿತದವು ಎಂಬ ಮಾತು. ಮನೆಯ ಗೋಡೆಗಳ ಮೇಲೆ, ಸ್ಕೂಟರಿನ ಮುಂದೆ ಅದನ್ನು ನೋಡಿರುತ್ತೀರಿ. ಇಡೀ ಅಧ್ಯಾಯ ಓದಿ ನೋಡಿ. ಅದು ಬಾಬೆಲಿಗೆ ಸೆರೆ ಹೋದವರಿಗೆ ಪ್ರವಾದಿ ಬರೆದ ಪತ್ರ. ಬೇಗ ಊರಿಗೆ ಮರಳುತ್ತೀರಿ ಎಂದು ಬಣ್ಣದ ಮಾತಾಡುವವರನ್ನು ನಂಬಬೇಡಿ, ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ನಿಮ್ಮನ್ನು ಸೆರೆ ಒಯ್ದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ ಎಂದು ಅದು ಹೇಳುತ್ತದೆ. ಬಿಡುಗಡೆಗೆ ಎಪ್ಪತ್ತು ವರ್ಷ. ಪತ್ರ ಓದಿಸಿ ಕೇಳಿದ ನಡುವಯಸ್ಸಿನವರಲ್ಲಿ ಯಾರೂ ಆ ದಿನ ಕಾಣುವಂತಿರಲಿಲ್ಲ. ಬಡ್ತಿ, ಸೈಟು, ವೀಸಾ ಬರುವ ವರ್ಷ ಇದು ಎಂದು ಆ ವಚನವನ್ನು ಕೈರೇಖೆಯಂತೆ ಓದುವುದು ಅದಕ್ಕೆ ಮಾಡುವ ಅನ್ಯಾಯ. ನೀನು ಕಾಣದ ಕಾಲದಲ್ಲೂ ಒಳಿತು ಇದೆ, ನೀನು ಗಿಡ ನೆಡು ಎಂದು ಅದು ಹೇಳುತ್ತಿದೆ. ಕಾರ್ಡು ಬೇಡ ಎನ್ನುವವಳಲ್ಲ ನಾನು. ನನ್ನ ಸತ್ಯವೇದದೊಳಗೂ ಮೂವತ್ತು ವರ್ಷದ ಕಾರ್ಡುಗಳಿವೆ. ಕಾರ್ಡು ಸಿಕ್ಕ ಮನೆಯವರು ಆ ವಚನವಿರುವ ಅಧ್ಯಾಯವನ್ನು ಜನವರಿಯಲ್ಲಿ ಒಮ್ಮೆಯಾದರೂ ಪೂರ್ತಿ ಓದಲಿ.

ಒಳಿತನ್ನು ಕಾಣದೆಯೂ ಅದರ ಮೇಲೆ ಭಾರ ಹಾಕಿದವನೊಬ್ಬನ ನೆನಪಾಗುತ್ತದೆ. ಜರ್ಮನಿಯ ಪಾದ್ರಿ ಡೀಟ್ರಿಕ್ ಬಾನ್‌ಹಾಫರ್ ಹಿಟ್ಲರನನ್ನು ಎದುರಿಸಿ ಬರ್ಲಿನ್ನಿನಲ್ಲಿ ಗೆಸ್ಟಾಪೊ ಎಂಬ ಗುಪ್ತ ಪೊಲೀಸರ ನೆಲಮಾಳಿಗೆಯಲ್ಲಿ ಸೆರೆಯಲ್ಲಿದ್ದ. 1944ರ ಡಿಸೆಂಬರ್ 19ರಂದು ಮದುವೆಗೆ ಗೊತ್ತಾಗಿದ್ದ ಹುಡುಗಿಗೆ ಬರೆದ ಪತ್ರದೊಡನೆ ಹೊಸ ವರ್ಷದ ಒಂದು ಕವಿತೆ ಕಳಿಸಿದ, ಅವಳಿಗೆ, ತಂದೆತಾಯಿಗೆ, ಒಡಹುಟ್ಟಿದವರಿಗೆ ಹಬ್ಬದ ಹಾರೈಕೆಯೆಂದು. ಹೊಸ ವರ್ಷ ಕಹಿ ಬಟ್ಟಲನ್ನೇ ತಂದರೂ ತೆಗೆದುಕೊಳ್ಳುವೆನೆಂಬ ಮನಸ್ಸು ಅದರಲ್ಲಿದೆ. 1945ರ ಏಪ್ರಿಲ್ 9ರಂದು ಅವನನ್ನು ಗಲ್ಲಿಗೇರಿಸಿದರು. ವರ್ಷದ ಕೊನೆಯ ರಾತ್ರಿ ಜರ್ಮನ್ ದೇವಾಲಯಗಳಲ್ಲಿ ಆ ಕವಿತೆಯನ್ನು ಈಗ ಹಾಡುತ್ತಾರೆ. ಅವನಿಗೆ ಸಿಕ್ಕ ಹೊಸ ವರ್ಷ ಮೂರು ತಿಂಗಳು ಒಂಬತ್ತು ದಿನದ್ದು.

ನಗರದ ನಮ್ಮ ದೊಡ್ಡ ಸಭೆಗಳಲ್ಲಿ ಆ ಹತ್ತು ನಿಮಿಷದ ಮೌನ ಈಗ ಕಡಿಮೆಯಾಗುತ್ತಿದೆ. ಹನ್ನೊಂದೂಮುಕ್ಕಾಲಿಗೇ ಹುಡುಗರ ಕೈಯಲ್ಲಿ ಮೊಬೈಲ್ ಬೆಳಗುತ್ತದೆ, ವೇದಿಕೆಯ ಮೇಲೆ ಹತ್ತರಿಂದ ಒಂದರವರೆಗೆ ಇಳಿಎಣಿಕೆ, ಹೊರಗೆ ಪಟಾಕಿ, ಕೇಕು. ಸಂತೋಷಪಡುವುದು ತಪ್ಪೆನ್ನಲಾರೆ, ಅಜ್ಜಿಯ ಕಾಲದಲ್ಲೂ ಗಂಟೆ ಹೊಡೆದ ಮೇಲೆ ಬಿಸಿ ಕಾಫಿಯ ಹಂಡೆ ಬರುತ್ತಿತ್ತು. ಗಂಟೆಗೆ ಮುಂಚಿನ ಆ ಕತ್ತಲನ್ನು ಮಾತ್ರ ಬಿಡಬಾರದೆಂದು ಬೇಡಿಕೊಳ್ಳುತ್ತೇನೆ. ಮನುಷ್ಯ ತನ್ನ ಬಾಕಿಗಳನ್ನು ಬೆರಳು ಮಡಿಸಿ ಎಣಿಸಲು ಅಷ್ಟಾದರೂ ಹೊತ್ತು ಬೇಕು.

ಕಳೆದ ವರ್ಷ ಆ ಹತ್ತು ನಿಮಿಷದಲ್ಲಿ ನನ್ನ ಕಣ್ಣೆದುರು ಬಂದದ್ದು ಒಂದು ಚಕ್ಕುಲಿ ಒರಳು. ಚಿಕ್ಕಪ್ಪನ ಮಗಳದು, ನನಗೆ ತಂಗಿ. ಮೂರು ಕ್ರಿಸ್ಮಸ್ಸಿನ ಹಿಂದೆ ಎರವಲು ತಂದದ್ದು. ಆ ವಾರವೇ ಮನೆ ಪಾಲಿನ ಮಾತು ಬಂದು, ನಾನು ಆಡಬಾರದ್ದನ್ನು ಆಡಿದೆ, ಅವಳು ಅಳುತ್ತಾ ಫೋನ್ ಇಟ್ಟಳು. ಆಮೇಲೆ ಒರಳು ಅಟ್ಟದ ಮೇಲೆ ಹೋಯಿತು, ನಾನು ಬೇರೆ ಕೊಂಡೆ. ಗಂಟೆ ಹೊಡೆದಾಗ ಈ ವರ್ಷ ಕೊಟ್ಟುಬಿಡುತ್ತೇನೆ ಎಂದುಕೊಂಡಿದ್ದೆ. ಅದೂ ಕಳೆಯಿತು.

ನಿನ್ನೆ ಅಟ್ಟದಿಂದ ಇಳಿಸಿ ಹುಣಸೆಹಣ್ಣು ಹಾಕಿ ಉಜ್ಜಿದೆ. ಹಿತ್ತಾಳೆ ಬಿಲ್ಲೆಯ ತೂತುಗಳಲ್ಲಿ ಹಳೆಯ ಹಿಟ್ಟು ಕಲ್ಲಾಗಿತ್ತು, ಬೆಂಕಿಕಡ್ಡಿಯಿಂದ ಒಂದೊಂದಾಗಿ ಬಿಡಿಸಿದೆ. ಬರಿದಾಗಿ ಕೊಡಬಾರದಲ್ಲ, ಅದರಲ್ಲೇ ಒತ್ತಿ ಒಂದು ಡಬ್ಬ ಚಕ್ಕುಲಿ ಕರಿದಿಟ್ಟಿದ್ದೇನೆ. ಅವಳ ಮನೆ ಎರಡು ಬಸ್ಸಿನ ದೂರ. ಈ ಅಂಕಣ ಕಳಿಸಿ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಅವಳ ಬಾಗಿಲಲ್ಲಿರುತ್ತೇನೆ.